ಮುಳ್ಳಿನ ಮೀಟರು, ಅಂಕಿಯ ಮೀಟರು: ಕಲಬುರಗಿಯ ಒಂದು ದುರಸ್ತಿ ಟಿಪ್ಪಣಿಯ ಪರಾಮರ್ಶೆ

ಕಲಬುರಗಿ ನಗರದ ಐವಾನ್-ಎ-ಶಾಹಿ ಬಡಾವಣೆಗೆ ಆ ಹೆಸರು ಬಂದುದು ನಿಜಾಮರ ಕಾಲದ ಅತಿಥಿಗೃಹದಿಂದ. ಪಾರಸಿಯ ಈ ಮಾತಿಗೆ ರಾಜಸೌಧವೆಂದು ಅರ್ಥ. ಆ ಸೌಧದ ಚರಿತ್ರೆ ಪ್ರಕೃತ ಲೇಖನದ ವಿಷಯವಲ್ಲ. 1958ರಲ್ಲಿ ಸ್ಥಾಪಿತವಾದ ಪೂಜ್ಯ ದೊಡ್ಡಪ್ಪ ಅಪ್ಪ ಎಂಜಿನಿಯರಿಂಗ್ ಕಾಲೇಜು ಇರುವುದೂ ಇದೇ ಬಡಾವಣೆಯಲ್ಲಿಯೇ. ಇದೇ ಆಸುಪಾಸಿನಲ್ಲಿ ಬಹುಕಾಲ ರೇಡಿಯೋ ಮತ್ತು ಟೆಲಿವಿಷನ್ ದುರಸ್ತಿಯಿಂದ ಜೀವನ ಸಾಗಿಸಿದ ಹಿರಿಯರೊಬ್ಬರಿದ್ದಾರೆ, ಮೂಲತಃ ಕಮಲಾಪುರದವರು. 1970ರ ದಶಕದಿಂದ ಮೊದಲುಮಾಡಿ ಅವರು ಬರೆದಿಟ್ಟುಕೊಂಡ ಟಿಪ್ಪಣಿಪುಸ್ತಕವೊಂದು ಕೆಲವು ದಿನಗಳ ಮಟ್ಟಿಗೆ ನಮ್ಮ ಕೈಗೆ ಬಂದಿತು. ಅದನ್ನು ಓದುವಾಗ ನಾವು ಎಡವಿದೆವು. ಆ ಎಡವಿದ ಬಗೆಯನ್ನು ದಾಖಲಿಸುವುದು, ಅದಕ್ಕೆ ಕಾರಣವಾದ ಉಪಕರಣಗಳ ಇತಿಹಾಸವನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶ.

ಪುಸ್ತಕವು ಲೆಕ್ಕದ ಬರೆಹಕ್ಕೆಂದು ಮಾರುವ ಉದ್ದನೆಯ ಹಾಳೆಗಳದು. ಬರೆಹ ಕನ್ನಡದಲ್ಲಿದೆ, ಸಂಖ್ಯೆಗಳು ಮತ್ತು ಬಿಡಿಭಾಗಗಳ ಗುರುತುಗಳು ಇಂಗ್ಲಿಷಿನವು, ಅಲ್ಲಲ್ಲಿ ಉರ್ದುವಿನ ಮಾತುಗಳೂ ಸೇರಿವೆ. ಮೊದಲ ಪುಟಗಳಲ್ಲಿ ಟ್ರಾನ್ಸಿಸ್ಟರುಗಳನ್ನು ಪರೀಕ್ಷಿಸುವ ಕ್ರಮವಿದೆ. ಟ್ರಾನ್ಸಿಸ್ಟರಿಗೆ ಮೂರು ಕಾಲುಗಳಿರುವುದೂ, ಅದರಲ್ಲಿ ಎನ್‌ಪಿಎನ್ ಮತ್ತು ಪಿಎನ್‌ಪಿ ಎಂಬ ಎರಡು ಜಾತಿಗಳಿರುವುದೂ ವಾಚಕರಿಗೆ ವಿದಿತವೇ ಆಗಿದೆ. ಎನ್‌ಪಿಎನ್ ಜಾತಿಯ ಬಿಸಿ 148ರ ಮುಂದೆ ನಮ್ಮ ಟಿಪ್ಪಣಿಕಾರರು ಬರೆದಿರುವುದರ ಸಾರಾಂಶವಿಷ್ಟು: ಮೀಟರಿನ ಕರಿ ತಂತಿಯನ್ನು ಬೇಸ್ ಎಂಬ ಕಾಲಿಗೆ ಹಿಡಿದು, ಕೆಂಪು ತಂತಿಯನ್ನು ಉಳಿದೆರಡು ಕಾಲುಗಳಿಗೆ ಒಂದೊಂದಾಗಿ ಮುಟ್ಟಿಸಿದರೆ ಎರಡು ಸಲವೂ ಮುಳ್ಳು ಏಳಬೇಕು; ತಂತಿಗಳನ್ನು ಅದಲುಬದಲು ಮಾಡಿದರೆ ಏಳಬಾರದು; ಹೀಗಾದರೆ ಮಾಲು ಸರಿಯಾಗಿದೆ. ಪಿಎನ್‌ಪಿ ಜಾತಿಯ ಎಸಿ 128ರ ಮುಂದೆ ಇದರ ವಿಪರ್ಯಯವಿದೆ. ಅಲ್ಲಿ ಬೇಸಿಗೆ ಕೆಂಪು ತಂತಿ.

ಬರೆಹದ ಪ್ರಾಮಾಣ್ಯವನ್ನು ಪರೀಕ್ಷಿಸಬೇಕೆಂದು ನಾವು ಪೇಟೆಯಲ್ಲಿ ಸುಲಭವಾಗಿ ಸಿಗುವ ಡಿಜಿಟಲ್ ಮಲ್ಟಿಮೀಟರನ್ನು ತಂದೆವು. ಅದರ ಡಯೋಡ್ ಗುರುತಿನ ಸ್ಥಾನಕ್ಕೆ ಗುಂಡಿಯನ್ನು ತಿರುಗಿಸಿ, ಪುಸ್ತಕದಲ್ಲಿ ಹೇಳಿದಂತೆ ಕರಿ ತಂತಿಯನ್ನು ಬಿಸಿ 148ರ ಬೇಸಿಗೆ ಹಿಡಿದೆವು. ಪರದೆಯ ಎಡತುದಿಯಲ್ಲಿ 1 ಎಂಬ ಒಂಟಿ ಅಂಕಿ ನಿಂತಿತು; ಅಂದರೆ ವಿದ್ಯುತ್ತು ಹರಿಯಲಿಲ್ಲ. ತಂತಿಗಳನ್ನು ಬದಲಿಸಿ ಕೆಂಪನ್ನು ಬೇಸಿಗೆ ಹಿಡಿದಾಗ ಸಿಲಿಕಾನಿಗೆ ಉಚಿತವಾದ 0.6 ವೋಲ್ಟಿನ ಮೇಲ್ಪಟ್ಟ ಬೆಲೆ ಎರಡು ಕಾಲುಗಳಲ್ಲಿಯೂ ಕಂಡಿತು. ಟಿಪ್ಪಣಿಕಾರರು ಬಣ್ಣಗಳನ್ನು ತಪ್ಪಾಗಿ ಬರೆದಿದ್ದಾರೆಂದು ನಾವು ನಿರ್ಣಯಿಸಿದೆವು. ಈ ಲೇಖನದ ಮೊದಲ ಕರಡಿನಲ್ಲಿ ‘ಲಿಪಿಕಾರನ ಪ್ರಮಾದ’ ಎಂಬ ಮಾತನ್ನು ಸಹ ಬಳಸಿದ್ದೆವು. ಅದೇ ಪ್ರಮಾದ ಹದಿನಾಲ್ಕು ಪುಟಗಳಲ್ಲಿ ಒಂದೂ ಬಿಡದೆ ಬಂದಿತ್ತೆಂಬುದನ್ನು ಗಮನಿಸಿದ್ದರೆ ನಾವು ಅಷ್ಟು ಆತುರಪಡುತ್ತಿರಲಿಲ್ಲ. ಶಾಸನವನ್ನು ಕೆತ್ತುವವನು ಒಂದೆಡೆ ಅಕ್ಷರ ಬಿಡಬಹುದು, ಇನ್ನೊಂದೆಡೆ ಒತ್ತು ತಪ್ಪಬಹುದು. ಎಲ್ಲೆಡೆಯೂ ಒಂದೇ ಕ್ರಮದಲ್ಲಿ ತಪ್ಪುವುದಿಲ್ಲ. ಹಾಗೆ ಕಂಡರೆ ಅದು ಆ ಕಾಲದ ಪದ್ಧತಿಯೆಂದು ಶಂಕಿಸಬೇಕು. ವಿದ್ಯಾರ್ಥಿಗಳಿಗೆ ವರ್ಷವರ್ಷವೂ ಹೇಳುವ ಈ ಮಾತನ್ನು ನಾವೇ ಮರೆತೆವು.

ಪುಸ್ತಕವನ್ನು ಹಿಂದಿರುಗಿಸಲು ಹೋದಾಗ, ತಪ್ಪನ್ನು ಮೆಲ್ಲನೆ ಅವರ ಗಮನಕ್ಕೆ ತಂದೆವು. ಹಿರಿಯರು ನಕ್ಕರು. “ಸರ್, ಬರ್ದದ್ದು ಬರೋಬರಿ ಅದ್ರಿ. ನಿಮ್ಮ ಮೀಟರೇ ಬ್ಯಾರೆ ಅದ,” ಎಂದರು. ಅಷ್ಟು ಹೇಳಿ ಚಹಾ ತರಿಸಿದರು.

ಅವರ ಮಾತಿನ ಅರ್ಥವನ್ನು ಸ್ವಲ್ಪ ವಿವರಿಸಬೇಕಾಗಿದೆ. ವಿದ್ಯುತ್ಪ್ರವಾಹವು ಸಮೀಪದ ಕಾಂತಸೂಚಿಯನ್ನು ತಿರುಗಿಸುವುದೆಂದು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ತೋರಿಸಿದ ಲಾಗಾಯ್ತು ಮುಳ್ಳೇ ವಿದ್ಯುತ್ತಿನ ಸಾಕ್ಷಿಯಾಗಿ ಬಂದಿತು. ಮುಂದೆ 1882ರಲ್ಲಿ ಫ್ರಾನ್ಸಿನ ದಾರ್ಸೊನ್ವಾಲ್ ಕಾಂತದ ಧ್ರುವಗಳ ನಡುವೆ ತಂತಿಯ ಸುರುಳಿಯನ್ನು ತೂಗಬಿಟ್ಟು ಚಲಿಸುವ ಸುರುಳಿಯ ಗ್ಯಾಲ್ವನೋಮೀಟರನ್ನು ರೂಪಿಸಿದನು. ಬ್ರಿಟನ್ನಿನ ಅಂಚೆ ಇಲಾಖೆಯಲ್ಲಿ ಎಂಜಿನಿಯರನಾಗಿದ್ದ ಡೊನಾಲ್ಡ್ ಮೆಕಾಡಿ ಎಂಬಾತನು, ದೂರವಾಣಿಯ ದುರಸ್ತಿಗೆ ಹಲವು ಉಪಕರಣಗಳನ್ನು ಹೊತ್ತು ತಿರುಗುವುದು ಕಷ್ಟವೆಂದು, ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಅಳೆಯುವ ಒಂದೇ ಪೆಟ್ಟಿಗೆಯನ್ನು ಕಲ್ಪಿಸಿದನು. ಅದು 1923ರಲ್ಲಿ ಮಾರಾಟಕ್ಕೆ ಬಂದಿತು; ಆ ಮೂರು ಮಾನಗಳ ಮೊದಲ ಅಕ್ಷರಗಳಿಂದ ಅದಕ್ಕೆ ‘ಆವೋ’ ಎಂದು ಹೆಸರಾಯಿತು. ಮಲ್ಟಿಮೀಟರುಗಳ ವಂಶಾವಳಿಯಲ್ಲಿ ಇದು ಮೂಲಪುರುಷನ ಸ್ಥಾನದಲ್ಲಿದೆ.

ಮುಳ್ಳಿನ ಮೀಟರು ವೋಲ್ಟನ್ನು ಅಳೆಯುವಾಗ ಹೊರಗಿನ ವಿದ್ಯುತ್ತಿನಿಂದಲೇ ನಡೆಯುವುದು. ಆದರೆ ಓಮನ್ನು, ಎಂದರೆ ಪ್ರತಿರೋಧವನ್ನು, ಅಳೆಯಬೇಕಾದಾಗ ಅದು ತನ್ನೊಳಗಿನ ಬ್ಯಾಟರಿಯಿಂದ ಪ್ರವಾಹವನ್ನು ಹೊರಗೆ ಕಳುಹಿಸಬೇಕು. ಸುರುಳಿಯ ಮೂಲಕ ಪ್ರವಾಹ ಯಾವಾಗಲೂ ಒಂದೇ ದಿಕ್ಕಿನಲ್ಲಿ ಹರಿದರೆ ಮಾತ್ರ ಮುಳ್ಳು ಸರಿಯಾದ ಕಡೆಗೆ ಏಳುವುದು. ಆದುದರಿಂದ ಪ್ರವಾಹವು ಕೆಂಪು ತಂತಿಯಿಂದ ಒಳಗೆ ಬಂದು ಕರಿ ತಂತಿಯಿಂದ ಹೊರಗೆ ಹೋಗುವಂತೆ ಬ್ಯಾಟರಿಯನ್ನು ಜೋಡಿಸಿದರು. ಇದರ ಪರಿಣಾಮವಾಗಿ ಓಮಿನ ಅಳತೆಯಲ್ಲಿ ಕರಿ ತಂತಿಯೇ ಧನ, ಕೆಂಪೇ ಋಣ. ರೂಢಿಯ ಬಣ್ಣಕ್ಕೆ ಇದು ತಲೆಕೆಳಗು. ಪ್ರತಿರೋಧಕವೊಂದನ್ನು ಅಳೆಯುವವನಿಗೆ ಇದರಿಂದ ಯಾವ ಬಾಧೆಯೂ ಇಲ್ಲ. ಅದರ ಎರಡು ಕಾಲುಗಳಲ್ಲಿ ಭೇದವಿಲ್ಲ. ಡಯೋಡು, ಟ್ರಾನ್ಸಿಸ್ಟರುಗಳು ಒಂದು ದಿಕ್ಕಿನಲ್ಲಿ ಮಾತ್ರ ವಿದ್ಯುತ್ತನ್ನು ಬಿಡುವ ವಸ್ತುಗಳಾದುದರಿಂದ ಅಲ್ಲಿ ಇದು ನಿರ್ಣಾಯಕವಾಗುತ್ತದೆ. ಡಿಜಿಟಲ್ ಮೀಟರಿನಲ್ಲಿ ಮುಳ್ಳೂ ಇಲ್ಲ, ಅದರ ಹಂಗೂ ಇಲ್ಲ. ಅಲ್ಲಿ ಕೆಂಪು ತಂತಿಯೇ ಧನವಾಗಿ ನಿಂತಿತು. ಹಿರಿಯರು ಬರೆದದ್ದು ತಮ್ಮ ಮೀಟರಿಗೆ, ನಾವು ಓದಿದ್ದು ನಮ್ಮ ಮೀಟರಿನಿಂದ.

ಶಾಸನಗಳ ಕಾಲನಿರ್ಣಯದಲ್ಲಿ ಪರಿಶ್ರಮವುಳ್ಳವರಿಗೆ ಇದು ಹೊಸ ಸಂಕಟವಲ್ಲ. ಶಾಸನದಲ್ಲಿ ಶಕವರ್ಷದ ಸಂಖ್ಯೆ ಸ್ಪಷ್ಟವಾಗಿದ್ದರೂ ಅದು ಗತವರ್ಷವೋ ವರ್ತಮಾನವರ್ಷವೋ ತಿಳಿಯದೆ ಕ್ರಿಸ್ತಶಕಕ್ಕೆ ತಿರುಗಿಸುವಂತಿಲ್ಲ. ಒಂದಕ್ಕೆ 78ನ್ನು ಕೂಡಿಸಬೇಕು, ಮತ್ತೊಂದಕ್ಕೆ 77ನ್ನು. ತಿಥಿ, ವಾರ, ಸಂವತ್ಸರಗಳನ್ನು ಹೊಂದಿಸಿ ನೋಡಿ ಪದ್ಧತಿ ಯಾವುದೆಂದು ನಿಶ್ಚಯಿಸುವ ಮೊದಲೇ ಕೆತ್ತಿದವನು ತಪ್ಪಿದನೆಂದು ಹೇಳುವವನನ್ನು ವಿದ್ವಾಂಸರು ಮೆಚ್ಚುವುದಿಲ್ಲ. ನಮ್ಮ ಟಿಪ್ಪಣಿಯ ‘ಕರಿ ತಂತಿ’ಯೂ ಅಂತಹ ಒಂದು ಶಬ್ದ.

ಈ ಪ್ರದೇಶಕ್ಕೆ ವಿದ್ಯುತ್ತನ್ನು ಅಳೆಯುವ ವಿದ್ಯೆ ಬಂದ ದಾರಿಯನ್ನು ಇಲ್ಲಿ ಎರಡು ಮಾತುಗಳಲ್ಲಿ ಸೂಚಿಸಬಹುದು. ಮುಂಬಯಿಯಿಂದ ಸೊಲ್ಲಾಪುರ, ಕಲಬುರಗಿಗಳ ಮೂಲಕ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಮಾರ್ಗ 1871ರಲ್ಲಿ ರಾಯಚೂರನ್ನು ಮುಟ್ಟಿ ಮದ್ರಾಸಿನ ಮಾರ್ಗವನ್ನು ಕೂಡಿತು. ರೈಲಿನ ಬದಿಯಲ್ಲಿ ತಂತಿಯ ಕಂಬಗಳು ನಡೆದುಬಂದವು. ತಂತಿ ಎಲ್ಲಿ ಕಡಿದಿದೆಯೆಂದು ಗ್ಯಾಲ್ವನೋಮೀಟರಿನಿಂದ ಪತ್ತೆಮಾಡುವುದು ಆ ಇಲಾಖೆಗಳ ನಿತ್ಯದ ಕೆಲಸ. ಆ ವಿದ್ಯೆ ಕಚೇರಿಯನ್ನು ಬಿಟ್ಟು ಬೀದಿಗೆ ಬರಲಿಲ್ಲ. ಬೀದಿಗೆ ಬಂದುದು ರೇಡಿಯೋದೊಡನೆ. ಹೈದರಾಬಾದಿನಲ್ಲಿ 1935ರಲ್ಲಿ ನಿಜಾಮ ಸರ್ಕಾರದ ಬಾನುಲಿ ಆರಂಭವಾಯಿತು. 1948ರ ಸಪ್ಟೆಂಬರಿನಲ್ಲಿ ಹೈದರಾಬಾದು ಭಾರತದಲ್ಲಿ ಸೇರಿ, 1956ರ ನವೆಂಬರ್ 1ರಂದು ಕಲಬುರಗಿಯು ಮೈಸೂರು ರಾಜ್ಯದ ಭಾಗವಾಯಿತು. 1966ರಲ್ಲಿ ಕಲಬುರಗಿಗೇ ಆಕಾಶವಾಣಿ ಕೇಂದ್ರ ಬಂದಿತು. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪಿತವಾದ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯು 1960ರ ದಶಕದಲ್ಲಿ ಜರ್ಮೇನಿಯಂ ಟ್ರಾನ್ಸಿಸ್ಟರುಗಳನ್ನು ತಯಾರಿಸತೊಡಗಿತು. ನಮ್ಮ ಪುಸ್ತಕದ ಎಸಿ 128 ಆ ಕಾರ್ಖಾನೆಯಿಂದಲೂ ಪೇಟೆಗೆ ಬರುತ್ತಿದ್ದಿತು.

ಇನ್ನು ಟೆಲಿವಿಷನ್. ಕರ್ನಾಟಕದಲ್ಲಿ ಟೆಲಿವಿಷನ್ ಮೊದಲು ಕಂಡುದು ರಾಜಧಾನಿಯಲ್ಲಿ ಅಲ್ಲವೆಂಬ ಸಂಗತಿ ಇಂದಿನ ವಿದ್ಯಾರ್ಥಿಗಳಲ್ಲಿ ಬಹುಮಂದಿಗೆ ತಿಳಿಯದು. ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ನಡೆದ ‘ಸೈಟ್’ ಪ್ರಯೋಗಕ್ಕೆ ಕರ್ನಾಟಕದಿಂದ ಆಯ್ದುದು ಕಲಬುರಗಿ, ರಾಯಚೂರು, ವಿಜಾಪುರ ಜಿಲ್ಲೆಗಳ ಹಳ್ಳಿಗಳನ್ನು. ಸುಮಾರು 3 ಮೀಟರು ಅಗಲದ ತಂತಿಬಲೆಯ ಕೊಡೆಯೊಂದನ್ನು ನೆಟ್ಟು, ಹೈದರಾಬಾದಿನ ಇಸಿಐಎಲ್ ಕಾರ್ಖಾನೆಯ ಪೆಟ್ಟಿಗೆಯ ಮುಂದೆ ಊರು ಕುಳಿತಿತು. ಪ್ರಯೋಗ ಮುಗಿದು ಉಪಗ್ರಹ ಹಿಂದಿರುಗಿದ ಮೇಲೆ 1977ರಲ್ಲಿ ಕಲಬುರಗಿಯಲ್ಲಿ ದೂರದರ್ಶನದ ಕೇಂದ್ರ ಆರಂಭವಾಯಿತು. ಈ ಪ್ರಯೋಗವನ್ನು ಕುರಿತ ಬರೆಹಗಳಲ್ಲಿ ಹಳ್ಳಿಗಳ ಎಣಿಕೆಯಿದೆ, ನೋಡಿದವರ ಎಣಿಕೆಯಿದೆ, ಕಲಿತದ್ದೇನೆಂಬ ವಿಚಾರಣೆಯೂ ಇದೆ. ಪೆಟ್ಟಿಗೆ ಕೆಟ್ಟಾಗ ಅದನ್ನು ಬಿಚ್ಚಿದವನು ಯಾವ ಮೀಟರನ್ನು ಹಿಡಿದಿದ್ದನು, ಏನನ್ನು ನೋಡಿ ಈ ಭಾಗ ಸತ್ತಿದೆ, ಇದು ಬದುಕಿದೆ ಎಂದನು ಎಂಬುದಕ್ಕೆ ಅಲ್ಲಿ ಎಡೆಯಿಲ್ಲ. ನಮ್ಮ ಹಿರಿಯರು ಆ ಪ್ರಯೋಗದಲ್ಲಿ ಕೆಲಸ ಮಾಡಿದವರಲ್ಲ. ಟೆಲಿವಿಷನ್ನಿನ ಮಾತು ಅವರ ಪುಸ್ತಕದಲ್ಲಿ ಕಾಣುವುದು 1977ರ ತರುವಾಯ. ಆದರೂ ನಮ್ಮ ಗಮನಕ್ಕೆ ಬಂದ ಮಟ್ಟಿಗೆ ಆ ಪ್ರಶ್ನೆಗೆ ಹತ್ತಿರದ ಉತ್ತರವಿರುವುದು ಇಂತಹ ಪುಸ್ತಕಗಳಲ್ಲಿಯೇ.

ಮೀಟರಿನ ಭೇದವನ್ನು ಅರಿತು ಎರಡನೆಯ ಸಲ ಓದಿದಾಗ ನಾವು ತಪ್ಪೆಂದು ಗುರುತು ಹಾಕಿದ್ದ ಬೇರೆ ಸ್ಥಳಗಳೂ ಒಂದೊಂದಾಗಿ ಸರಿಹೋದವು. ಎಸಿ 128ರ ಬಳಿ, ತಂತಿ ಬದಲಿಸಿದಾಗ ಮುಳ್ಳು ತುಸು ಅಲುಗಿದರೂ ನಡೆಯುತ್ತದೆಂದಿದೆ. ಬಿಸಿ 148ರ ಬಳಿ, ತುಸು ಅಲುಗಿದರೂ ಎಸೆಯಬೇಕೆಂದಿದೆ. ಇದು ಪೂರ್ವಾಪರವಿರೋಧವೆಂದು ನಾವು ಭಾವಿಸಿದ್ದೆವು. ಎಸಿ 128 ಜರ್ಮೇನಿಯಮಿನದು, ಬಿಸಿ 148 ಸಿಲಿಕಾನಿನದು. ಜರ್ಮೇನಿಯಮಿನಲ್ಲಿ ಹಿಮ್ಮುಖವಾಗಿ ಸ್ವಲ್ಪ ಪ್ರವಾಹ ಸೋರುವುದು ಸಹಜ, ಸೆಕೆಯಲ್ಲಿ ಇನ್ನೂ ಹೆಚ್ಚು. ಕಲಬುರಗಿಯ ಮೇ ತಿಂಗಳಿನಲ್ಲಿ ಈ ಮಾತಿಗೆ ಬೇರೆ ಪ್ರಮಾಣ ಬೇಕಾಗಿಲ್ಲ. ಒಳ್ಳೆಯ ಸಿಲಿಕಾನಿನಲ್ಲಿ ಅಂತಹ ಸೋರಿಕೆ ಮುಳ್ಳಿಗೆ ಕಾಣುವಷ್ಟು ಇರುವುದಿಲ್ಲ. ಮುಮ್ಮುಖದಲ್ಲಿಯೂ ಇವೆರಡಕ್ಕೆ ಭೇದವುಂಟು: ಡಿಜಿಟಲ್ ಮೀಟರಿನ ಡಯೋಡ್ ಸ್ಥಾನದಲ್ಲಿ ಜರ್ಮೇನಿಯಂ 0.2ರಿಂದ 0.3 ವೋಲ್ಟನ್ನೂ ಸಿಲಿಕಾನು 0.5ರಿಂದ 0.7 ವೋಲ್ಟನ್ನೂ ತೋರಿಸುತ್ತವೆ. ಸಿಲಿಕಾನನ್ನು ಮಾತ್ರ ಕಂಡ ಇಂದಿನ ವಿದ್ಯಾರ್ಥಿಯ ಕೈಗೆ ಹಳೆಯ ರೇಡಿಯೋದ ಸರಿಯಾದ ಜರ್ಮೇನಿಯಂ ಟ್ರಾನ್ಸಿಸ್ಟರು ಸಿಕ್ಕರೆ ಅದು ಕೆಟ್ಟಿದೆಯೆಂದು ಕಸಕ್ಕೆ ಹಾಕುವ ಸಂಭವವೇ ಹೆಚ್ಚು.

ಇನ್ನೊಂದು ಎಚ್ಚರಿಕೆ ಪುಸ್ತಕದಲ್ಲಿ ಎರಡು ಗೆರೆ ಎಳೆದು ಬರೆಯಲ್ಪಟ್ಟಿದೆ: ಓಮಿನ ಅತಿ ದೊಡ್ಡ ಶ್ರೇಣಿಯಲ್ಲಿ ಸಣ್ಣ ಟ್ರಾನ್ಸಿಸ್ಟರನ್ನು ಹಿಡಿಯಬಾರದು. ಮುಳ್ಳಿನ ಮೀಟರುಗಳಲ್ಲಿ ಕೆಲವಕ್ಕೆ ಆ ಶ್ರೇಣಿಗೆಂದೇ 15 ವೋಲ್ಟಿನ ಬೇರೊಂದು ಬ್ಯಾಟರಿ ಇರುತ್ತದೆ. ಪರೀಕ್ಷೆಗೆ ಬಂದ ವಸ್ತು ಪರೀಕ್ಷೆಯಿಂದಲೇ ಸಾಯಬಹುದು.

ಎಲ್ಲಕ್ಕಿಂತ ಹೆಚ್ಚಾಗಿ ನಮ್ಮನ್ನು ತಡೆದು ನಿಲ್ಲಿಸಿದ್ದು ವೋಲ್ಟಿನ ಪಟ್ಟಿಗಳು. ಒಂದೊಂದು ಮಾದರಿಯ ರೇಡಿಯೋದಲ್ಲಿ ಯಾವ ಯಾವ ಬಿಂದುವಿನಲ್ಲಿ ಎಷ್ಟು ವೋಲ್ಟು ಇರಬೇಕೆಂದು ಟಿಪ್ಪಣಿಕಾರರು ಬರೆದಿದ್ದಾರೆ. ಕಂಪೆನಿಯವರ ನಕ್ಷೆಯಲ್ಲಿ ಕೊಟ್ಟ ಬೆಲೆಗಳಿಗೂ ಇವಕ್ಕೂ ಹಲವೆಡೆ ಹೊಂದಿಕೆಯಿಲ್ಲ, ಇವು ಕಡಿಮೆ. ಇದಕ್ಕೆ ಕಾರಣವನ್ನು ಲೆಕ್ಕದಿಂದ ತೋರಿಸಬಹುದು. ತಲಾ 2 ಲಕ್ಷ ಓಮಿನ ಎರಡು ಪ್ರತಿರೋಧಕಗಳನ್ನು ಸಾಲಾಗಿ ಜೋಡಿಸಿ 10 ವೋಲ್ಟನ್ನು ಕೊಟ್ಟರೆ ನಡುವೆ 5 ವೋಲ್ಟು ಇರುವುದು. ವೋಲ್ಟಿಗೆ 20,000 ಓಮಿನ ಮುಳ್ಳಿನ ಮೀಟರನ್ನು 10 ವೋಲ್ಟಿನ ಶ್ರೇಣಿಯಲ್ಲಿಟ್ಟು ಅಲ್ಲಿ ಹಿಡಿದರೆ, ಮೀಟರೇ 2 ಲಕ್ಷ ಓಮಿನ ಮೂರನೆಯ ದಾರಿಯಾಗಿ ಸೇರಿಕೊಂಡು, ಮುಳ್ಳು 3.3ರ ಹತ್ತಿರ ನಿಲ್ಲುತ್ತದೆ. ವೋಲ್ಟಿಗೆ 1,000 ಓಮಿನ ಅಗ್ಗದ ಮೀಟರಾದರೆ ಅರ್ಧ ವೋಲ್ಟೂ ಕಾಣಿಸದು. ಒಳಗೆ 1 ಕೋಟಿ ಓಮಿನ ಪ್ರತಿರೋಧವುಳ್ಳ ಡಿಜಿಟಲ್ ಮೀಟರು 4.95ನ್ನು ತೋರಿಸುತ್ತದೆ. ಮೂವರೂ ಸುಳ್ಳು ಹೇಳಲಿಲ್ಲ; ಅಳೆಯಲು ಬಂದವನು ಅಳತೆಯಲ್ಲಿ ತಾನೂ ಸೇರಿದನು. ಹಿರಿಯರಿಗೆ ಬೇಕಾಗಿದ್ದುದು ಆ ಬಿಂದುವಿನ ನಿಜವಾದ ವೋಲ್ಟಲ್ಲ, ತಮ್ಮ ಮೀಟರು ಅಲ್ಲಿ ಎಷ್ಟು ತೋರಿಸಿದರೆ ರೇಡಿಯೋ ಚೆನ್ನಾಗಿದೆ ಎಂಬುದು. ಅದರಿಂದಲೇ ಅವರು ಕಂಪೆನಿಯ ನಕ್ಷೆಯ ಬೆಲೆಯನ್ನು ನಕಲು ಮಾಡಲಿಲ್ಲ, ಸರಿಯಿರುವ ರೇಡಿಯೋವನ್ನು ತಾವೇ ಅಳೆದು ಬರೆದುಕೊಂಡರು. ಇದನ್ನು ಅಜ್ಞಾನವೆಂದು ಎಣಿಸಿದ್ದ ನಮ್ಮ ಮೊದಲ ಕರಡಿನ ಪುಟವನ್ನು ನಾವು ಹರಿದುಹಾಕಿದೆವು.

ಹಾಗಾದರೆ ಡಿಜಿಟಲ್ ಮೀಟರು ಹೆಚ್ಚು ಸತ್ಯವಂತವೇ? ವೋಲ್ಟಿನ ಮಟ್ಟಿಗೆ ಹೌದು. ಅಮೆರಿಕದ ಆಂಡ್ರೂ ಕೇ ಎಂಬಾತನು 1950ರ ದಶಕದ ಮೊದಲ ಭಾಗದಲ್ಲಿ ಡಿಜಿಟಲ್ ವೋಲ್ಟ್‌ಮೀಟರನ್ನು ತಯಾರಿಸಿದಾಗ ಅದು ಪ್ರಯೋಗಶಾಲೆಯ ಮೇಜಿನ ವಸ್ತು. 1970ರ ದಶಕದಲ್ಲಿ ಇಡೀ ಎಣಿಕೆಯ ಯಂತ್ರವನ್ನು ಒಂದು ಚಿಪ್ಪಿನೊಳಗೆ ಅಡಗಿಸಿದ ಮೇಲೆ ಅದು ಅಂಗೈಗೆ ಬಂದಿತು. ಅದರ ಒಳಗಿನ ಕ್ರಮ ಸೊಗಸಾದುದು. ಅಳೆಯಬೇಕಾದ ವೋಲ್ಟಿನಿಂದ ಗೊತ್ತಾದ ಕಾಲದವರೆಗೆ ಒಂದು ಕೆಪಾಸಿಟರನ್ನು ತುಂಬುವುದು, ಬಳಿಕ ಗೊತ್ತಾದ ವೋಲ್ಟಿನಿಂದ ಅದನ್ನು ಬರಿದುಮಾಡುವುದು, ಬರಿದಾಗಲು ಹಿಡಿದ ಕಾಲವನ್ನು ಗಡಿಯಾರದ ಮಿಡಿತಗಳಿಂದ ಎಣಿಸುವುದು. ಆ ಎಣಿಕೆಯೇ ಪರದೆಯ ಮೇಲೆ ಬರುವ ಅಂಕಿ. ಅಗ್ಗದ ಮೀಟರಿನಲ್ಲಿ ಅದು 1999ಕ್ಕೆ ಮುಗಿಯುತ್ತದೆ. ಅದರಾಚೆಗೆ ಎಡದಲ್ಲಿ ಒಂಟಿ 1 ನಿಲ್ಲುತ್ತದೆ. ಈ ಒಂಟಿ 1ನ್ನು ಒಂದು ಓಮೆಂದು ಓದಿಕೊಂಡು, ಕಡಿದುಹೋದ ತಂತಿಯನ್ನು ಚೆನ್ನಾಗಿದೆಯೆಂದು ಸಾರಿದವರಲ್ಲಿ ನಾವೂ ಸೇರಿದ್ದೇವೆ.

ಅಂಕಿಗೆ ಒಂದು ಗತ್ತು ಇದೆ. ಶೇಕಡಾ 5ರ ಅಂತರಕ್ಕೆ ಅವಕಾಶವುಳ್ಳ 1,000 ಓಮಿನ ಪ್ರತಿರೋಧಕವು 976ನ್ನು ತೋರಿಸಿದರೆ ಹೊಸಬನಿಗೆ ಸಂಶಯ ಹುಟ್ಟುತ್ತದೆ; ಮುಳ್ಳು ಸಾವಿರದ ಗೆರೆಯ ಸನಿಹದಲ್ಲಿ ನಿಂತು ಆ ಸಂಶಯಕ್ಕೆ ಆಸ್ಪದವನ್ನೇ ಕೊಡುತ್ತಿರಲಿಲ್ಲ. ದೊಡ್ಡ ಪ್ರತಿರೋಧಕವನ್ನು ಎರಡು ಕೈಗಳ ಬೆರಳುಗಳಿಂದ ಒತ್ತಿಹಿಡಿದು ಅಳೆದರೆ ಅಂಕಿಯು ನಮ್ಮ ದೇಹವನ್ನೂ ಸೇರಿಸಿ ಲೆಕ್ಕ ಹೇಳುತ್ತದೆ. ಬೋರ್ಡಿನಿಂದ ಬಿಚ್ಚದೆ ಅಳೆದರೆ ಅಕ್ಕಪಕ್ಕದ ದಾರಿಗಳನ್ನೆಲ್ಲ ಸೇರಿಸುತ್ತದೆ. ಒಂದು ಕಾಲನ್ನಾದರೂ ಬೆಸುಗೆಯಿಂದ ಬಿಡಿಸಬೇಕು. ಕೆಪಾಸಿಟರಿನ ವಿಷಯದಲ್ಲಿಯಂತೂ ಮುಳ್ಳನ್ನು ಕಳೆದುಕೊಂಡುದು ನಷ್ಟವೇ ಸರಿ. ಮೊದಲು ಅದರಲ್ಲಿ ಉಳಿದಿರುವ ವಿದ್ಯುತ್ತನ್ನು ಪ್ರತಿರೋಧಕದ ಮೂಲಕ ಹರಿಯಬಿಟ್ಟು ಬರಿದುಮಾಡಬೇಕು. ಇದನ್ನು ಮರೆತವನಿಗೆ ಮೀಟರೂ ಉಳಿಯದು, ಕೈಗೂ ಅಪಾಯ. ಆಮೇಲೆ ಓಮಿನ ಶ್ರೇಣಿಯಲ್ಲಿ ಹಿಡಿದರೆ ಮುಳ್ಳು ಒಮ್ಮೆ ಜಿಗಿದು, ನಿಧಾನವಾಗಿ ಹಿಂದಕ್ಕೆ ಇಳಿಯುತ್ತದೆ. ಜಿಗಿಯದಿದ್ದರೆ ಒಳಗೆ ಕಡಿದಿದೆ ಅಥವಾ ಒಣಗಿದೆ. ಮೇಲೆಯೇ ನಿಂತರೆ ಕೂಡಿಕೊಂಡಿದೆ. ಅರ್ಧಕ್ಕೆ ಇಳಿದು ನಿಂತರೆ ಸೋರುತ್ತಿದೆ. ಪುಸ್ತಕದಲ್ಲಿ ಇದಕ್ಕೆ ಅಂಕಿಗಳಿಲ್ಲ, ಮುಳ್ಳಿನ ಹಾದಿಯನ್ನು ತೋರಿಸುವ ಪುಟ್ಟ ಪುಟ್ಟ ಗೆರೆಚಿತ್ರಗಳಿವೆ. ಕೆಪಾಸಿಟರಿನ ಬೆಲೆಯನ್ನೇ ತೋರಿಸುವ ಡಿಜಿಟಲ್ ಮೀಟರುಗಳು ಬಂದಿವೆಯಾದರೂ, ಅವು ಪರೀಕ್ಷಿಸುವುದು ಅಲ್ಪ ವೋಲ್ಟಿನಲ್ಲಿ. ನೂರಾರು ವೋಲ್ಟಿನ ಒತ್ತಡದಲ್ಲಿ ಸೋರುವ ಕೆಪಾಸಿಟರು ಅಲ್ಲಿ ಸಜ್ಜನನಂತೆ ಕಾಣಿಸಿಕೊಳ್ಳಬಹುದು. ಮುಳ್ಳಿನ ಮೀಟರಿಗೂ ಈ ದೋಷವಿದ್ದೇ ಇದೆ ಎಂಬುದನ್ನು ಪಕ್ಷಪಾತವಿಲ್ಲದೆ ಹೇಳಬೇಕು.

ಈ ವಿಚಾರವನ್ನು ಇಷ್ಟು ವಿಸ್ತರಿಸಿದುದಕ್ಕೆ ಒಂದು ಕಾರಣವಿದೆ. ನಮ್ಮ ವಿಶ್ವವಿದ್ಯಾನಿಲಯಗಳು ಓಲೆಗರಿಗಳನ್ನು, ಕಡತಗಳನ್ನು, ದಫ್ತರಗಳನ್ನು ಸಂಗ್ರಹಿಸುತ್ತವೆ. ಕುಶಲಕರ್ಮಿಗಳ ಪುಸ್ತಕಗಳನ್ನೂ ಸಂಗ್ರಹಿಸಬೇಕೆಂದು ಈಚೆಗೆ ಕೆಲವರು ಹೇಳತೊಡಗಿದ್ದಾರೆ. ಸಂತೋಷವೇ. ಆದರೆ ಪುಸ್ತಕವನ್ನು ಮಾತ್ರ ತಂದು ಕಪಾಟಿನಲ್ಲಿಟ್ಟರೆ, ಐವತ್ತು ವರ್ಷಗಳ ಬಳಿಕ ಓದುವವನು ನಾವು ಮಾಡಿದ ತಪ್ಪನ್ನೇ ಮಾಡುವನು. ಅವನನ್ನು ತಿದ್ದಲು ಚಹಾ ತರಿಸಿಕೊಡುವ ಹಿರಿಯರು ಆಗ ಇರುವುದಿಲ್ಲ. ಪುಸ್ತಕದೊಡನೆ ಮೀಟರನ್ನೂ ಇಡಬೇಕು. ಮೀಟರು ಸಿಗದಿದ್ದರೆ ಅದು ಎಂಥದು, ವೋಲ್ಟಿಗೆ ಎಷ್ಟು ಓಮಿನದು, ಓಮಿನ ಶ್ರೇಣಿಯಲ್ಲಿ ಅದರ ಯಾವ ತಂತಿ ಧನವಾಗಿದ್ದಿತು ಎಂಬುದನ್ನಾದರೂ ಬಳಸಿದವರನ್ನು ಕೇಳಿ ಬರೆದಿಡಬೇಕು. ಕೊನೆಯದನ್ನು ತಿಳಿಯುವುದು ಸುಲಭ: ಆ ಮೀಟರನ್ನು ಓಮಿನ ಶ್ರೇಣಿಯಲ್ಲಿಟ್ಟು, ಅದರ ತಂತಿಗಳನ್ನು ಇನ್ನೊಂದು ಮೀಟರಿನ ವೋಲ್ಟಿನ ಶ್ರೇಣಿಯಿಂದ ಅಳೆದರೆ ಸಾಕು.

ನಮ್ಮ ಹಿರಿಯರ ಮುಳ್ಳಿನ ಮೀಟರು ಇಂದು ಇಲ್ಲ. ಸುರುಳಿ ಸುಟ್ಟುಹೋದ ಮೇಲೆ ಕೆಲವು ವರ್ಷ ಅಂಗಡಿಯ ಮೂಲೆಯಲ್ಲಿದ್ದು, ಮನೆ ಬದಲಿಸುವಾಗ ಗುಜರಿಗೆ ಹೋಯಿತೆಂದು ಅವರು ಹೇಳಿದರು. ವೋಲ್ಟಿಗೆ ಎಷ್ಟು ಓಮಿನದೆಂದು ಅವರಿಗೆ ನೆನಪಿರಲಿಲ್ಲ. ಗಾಜಿನ ಕೆಳಗೆ ಬರೆದಿತ್ತೆಂದು ಮಾತ್ರ ನೆನಪು. ಪುಸ್ತಕದ ಪಟ್ಟಿಗಳನ್ನು ಹಿಡಿದು ಹಿಂದಕ್ಕೆ ಲೆಕ್ಕ ಹಾಕೋಣವೆಂದು ನಾವು ಎರವಲು ತಂದ ವೋಲ್ಟಿಗೆ 20,000 ಓಮಿನ ಮೀಟರನ್ನು ಅವರ ಬಳಿ ಉಳಿದಿದ್ದ ಒಂದು ಹಳೆಯ ಟ್ರಾನ್ಸಿಸ್ಟರ್ ರೇಡಿಯೋಗೆ ಹಿಡಿದು ನೋಡಿದೆವು. ಪಟ್ಟಿಯ ಒಂಬತ್ತು ಬಿಂದುಗಳಲ್ಲಿ ಏಳು ಮುಳ್ಳಿನ ದಪ್ಪದಷ್ಟೇ ವ್ಯತ್ಯಾಸದಲ್ಲಿ ಹೊಂದಿದವು. ಎಂಟನೆಯದರಲ್ಲಿ ಒಂದು ಕೆಪಾಸಿಟರು ಸೋರುತ್ತಿದ್ದುದನ್ನು ಹಿರಿಯರೇ ಪತ್ತೆಮಾಡಿ ಬದಲಿಸಿದರು, ಅದೂ ಹೊಂದಿತು. ಒಂಬತ್ತನೆಯದು ಇನ್ನೂ ಹೊಂದಿಲ್ಲ. ಪುಸ್ತಕವನ್ನು ಅವರು ನಮಗೆ ಕೊಡಲಿಲ್ಲ. ಪುಟಗಳ ಛಾಯಾಪ್ರತಿ ಮಾತ್ರ ವಿಭಾಗದಲ್ಲಿದೆ. ಯಾರಾದರೂ ಹಳೆಯ ರೇಡಿಯೋ ತಂದರೆ ಈಗಲೂ ಅವರಿಗೆ ಅದು ಬೇಕಾಗುತ್ತದೆಯಂತೆ.